ಕಕ್ಕಡದ ಬೆಳಗ್ಗೆ ಹ್ಯಾಂಗ್ ಆಗುವ ಡೆಸ್ಕ್‌ಟಾಪ್: ರಿಪೇರಿ ದಾಖಲೆ

ಕಕ್ಕಡ ಎಂದರೆ ಕೊಡಗಿನ ಜಡಿಮಳೆಯ ತಿಂಗಳು. ಮಡಿಕೇರಿ ಬಳಿಯ ಕಾಫಿ ತೋಟವೊಂದರ ಆಫೀಸಿನ ಯಂತ್ರ. ನಾಲ್ಕನೇ ತಲೆಮಾರಿನ ಕೋರ್ ಐ5, ಎಚ್81 ಬೋರ್ಡು, 4 ಜಿಬಿಯ ಎರಡು ಡಿಡಿಆರ್3 ರ‍್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್, 450 ವ್ಯಾಟ್ ಎಸ್‌ಎಂಪಿಎಸ್ (ಯಂತ್ರಕ್ಕೆ ಕರೆಂಟ್ ಕೊಡುವ ಡಬ್ಬ), ವಿಂಡೋಸ್ 10. ದೂರು ಇಷ್ಟು: ಬೆಳಗ್ಗೆ ಮೊದಲ ಸಲ ಆನ್ ಮಾಡಿದಾಗ ಅರ್ಧಕ್ಕೇ ನಿಲ್ಲುತ್ತದೆ. ಪವರ್ ಬಟನ್ ಒತ್ತಿ ಹಿಡಿದು ಮೂರು ನಾಲ್ಕು ಸಲ ಆಫ್-ಆನ್ ಮಾಡಿದರೆ ಹತ್ತು ಗಂಟೆ ಹೊತ್ತಿಗೆ ದಾರಿಗೆ ಬರುತ್ತದೆ, ಆಮೇಲೆ ಸಂಜೆವರೆಗೆ ತಕರಾರಿಲ್ಲ. ವಿಂಡೋಸನ್ನು ಒಮ್ಮೆ ಹೊಸದಾಗಿ ಹಾಕಿಸಿಯೂ ಆಗಿದೆ. ಏನೂ ಬದಲಾಗಿಲ್ಲ.

ಮೊದಲ ದಿನ

ಸ್ಕ್ರೂಡ್ರೈವರ್ ಮುಟ್ಟುವ ಮುಂಚೆ ಎಣಿಕೆ. ಐದೈದು ನಿಮಿಷ ಬಿಟ್ಟು ಹತ್ತು ಸಲ ಆನ್ ಮಾಡಿ, ಪ್ರತಿ ಸಲ ಎಲ್ಲಿ ನಿಂತಿತು ಎಂದು ಬರೆದಿಟ್ಟದ್ದು: ಬೋರ್ಡಿನ ಲೋಗೋದಲ್ಲಿ 4 ಸಲ, ವಿಂಡೋಸಿನ ಸುತ್ತುವ ಚುಕ್ಕಿಗಳಲ್ಲಿ 3 ಸಲ, ಪೂರ್ತಿ ಬಂದದ್ದು 3 ಸಲ. ಲೋಗೋದಲ್ಲಿ ನಿಂತ ನಾಲ್ಕೂ ಮೊದಲ ಐದು ಪ್ರಯತ್ನಗಳ ಒಳಗೇ ಬಂದವು. ಯಂತ್ರ ಬೆಚ್ಚಗಾದಂತೆ ಆ ದೋಷ ಮಾಯ.

ಈ ಎಣಿಕೆಯನ್ನು ಯಾರೂ ಬಿಡಬಾರದು. ಚುಕ್ಕಿಗಳು ಕಾಣುವ ಮೊದಲೇ ನಿಂತರೆ ವಿಂಡೋಸ್ ಇನ್ನೂ ಕೆಲಸ ಶುರು ಮಾಡಿಲ್ಲ, ಅದನ್ನು ನೂರು ಸಲ ಹೊಸದಾಗಿ ಹಾಕಿದರೂ ಪ್ರಯೋಜನವಿಲ್ಲ. ಯುಇಎಫ್ಐ ಎಂಬ ಹೊಸ ಬಗೆಯ ಬೂಟ್‌ನಲ್ಲಿ ಬೋರ್ಡಿನ ಲೋಗೋ ಹಾಗೇ ಉಳಿದು ಅದರ ಕೆಳಗೇ ಚುಕ್ಕಿಗಳು ಬರುತ್ತವೆ. ಆದ್ದರಿಂದ ಲೋಗೋ ಅಲ್ಲ, ಚುಕ್ಕಿಯೇ ಗಡಿ.

ನಿಂತಾಗ ನಮ್‌ಲಾಕ್ ಒತ್ತಿ ನೋಡಬೇಕು. ದೀಪ ಹತ್ತಿ ಆರಿದರೆ ಪ್ರೊಸೆಸರ್ ಜೀವಂತವಾಗಿದೆ, ಯಾವುದೋ ಸಾಧನದ ಉತ್ತರಕ್ಕೆ ಕಾಯುತ್ತಿದೆ. ದೀಪ ಕದಲದಿದ್ದರೆ ನಿಜವಾದ ಹ್ಯಾಂಗ್. ಈ ಪರೀಕ್ಷೆಯನ್ನು ಲೋಗೋ ಹಂತದಲ್ಲಿ ನಂಬಬಹುದು. ವಿಂಡೋಸಿಗೆ ಕೈ ಬದಲಾಗುವ ಹೊತ್ತಿಗೆ ಯುಎಸ್‌ಬಿ ಕೀಬೋರ್ಡ್ ಕೆಲ ಕ್ಷಣ ಹೇಗೂ ಸತ್ತಿರುತ್ತದೆ, ಅಲ್ಲಿ ಹಾರ್ಡ್‌ಡಿಸ್ಕ್ ದೀಪ ನೋಡುವುದೇ ಸರಿ. ಇಲ್ಲಿ ಸಿಕ್ಕ ಉತ್ತರ: ಲೋಗೋದಲ್ಲಿ ನಮ್‌ಲಾಕ್ ಕದಲುವುದಿಲ್ಲ, ಚುಕ್ಕಿಗಳಲ್ಲಿ ಡಿಸ್ಕ್ ದೀಪ ಆರದೆ ಉರಿಯುತ್ತದೆ. ಎರಡು ಬೇರೆ ಬೇರೆ ರೋಗಗಳು ಒಂದೇ ಮೈಯಲ್ಲಿ ಸೇರಿರುವ ಅನುಮಾನ ಇಲ್ಲೇ ಹುಟ್ಟಿತು.

ಎರಡನೇ ದಿನ

ಪ್ರಿಂಟರ್, ಯುಎಸ್‌ಬಿ ಹಬ್, ಪೆನ್‌ಡ್ರೈವ್, ಲ್ಯಾನ್ ವಯರ್ ಎಲ್ಲ ಕಿತ್ತದ್ದಾಯಿತು. ಕೆಟ್ಟ ಹಬ್ ಒಂದೇ ಸಾಕು, ಬೋರ್ಡು ಅದನ್ನು ಗುರುತಿಸಲು ಹೋಗಿ ಲೋಗೋದಲ್ಲೇ ಕೂತುಬಿಡುತ್ತದೆ. ಲ್ಯಾನ್ ಬಗ್ಗೆ ನಮ್ಮ ಕಡೆ ವಿಶೇಷ ಅನುಮಾನ ಇಟ್ಟುಕೊಳ್ಳಲೇಬೇಕು: ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಮನೆಯಿಂದ ಆಫೀಸಿಗೆ ಬಯಲಲ್ಲಿ ಎಳೆದ ವಯರಿನ ಮೂಲಕ ಸಿಡಿಲಿನ ಹೊಡೆತ ಬಂದು ಲ್ಯಾನ್ ಚಿಪ್ ಅರೆಬೆಂದಿರುತ್ತದೆ. ಬಯಾಸ್‌ನಲ್ಲಿ (ವಿಂಡೋಸಿಗೂ ಮೊದಲು ಓಡುವ ಬೋರ್ಡಿನ ಸ್ವಂತ ತಂತ್ರಾಂಶ) ಆನ್‌ಬೋರ್ಡ್ ಲ್ಯಾನನ್ನು ಡಿಸೇಬಲ್ ಮಾಡಿ ನೋಡಿದೆವು. ಇಲ್ಲಿ ವ್ಯತ್ಯಾಸವಿಲ್ಲ, ಮತ್ತೆ ಆನ್ ಮಾಡಿಟ್ಟೆವು.

ಹಾರ್ಡ್‌ಡಿಸ್ಕ್ ಕೂಡ ಕಳಚಿ, ಬೋರ್ಡು, ಪ್ರೊಸೆಸರ್, ಒಂದೇ ರ‍್ಯಾಮ್ ಇಟ್ಟು ಬಯಾಸ್ ಪರದೆಯಲ್ಲಿ ಸುಮ್ಮನೆ ಬಿಟ್ಟರೆ ಏಳನೇ ನಿಮಿಷಕ್ಕೆ ಅಲ್ಲೂ ನಿಂತಿತು. ಅಲ್ಲಿಗೆ ಲೋಗೋ ಹ್ಯಾಂಗ್‌ಗೆ ವಿಂಡೋಸೂ ಡಿಸ್ಕೂ ಕಾರಣವಲ್ಲ ಎಂದು ಖಚಿತ. ಬಯಾಸ್ ತೋರಿಸಿದ ಪ್ರೊಸೆಸರ್ ತಾಪ 41 ಡಿಗ್ರಿ, ಕೂಲರಿನ ನಾಲ್ಕು ಪ್ಲಾಸ್ಟಿಕ್ ಪಿನ್ನುಗಳೂ ಬಿಗಿ. ಬಿಸಿಯ ಮಾತು ಮುಗಿಯಿತು.

ರ‍್ಯಾಮ್ ತೆಗೆದಾಗ ಚಿನ್ನದ ಪಟ್ಟಿಗಳ ಮೇಲೆ ಮಸುಕು ಪೊರೆ. ಎರಡನೇ ಸ್ಲಾಟಿನ ಮೂಲೆಯಲ್ಲಿ ಬೂಷ್ಟಿನ ನೂಲು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ, ಚಪ್ಪಲಿ, ಪುಸ್ತಕ ಯಾವುದನ್ನೂ ಬಿಡದ ಬೂಷ್ಟು ಇದನ್ನು ಬಿಡುತ್ತದೆಯೇ! ಪಟ್ಟಿಗಳನ್ನು ಮೆದು ಬಿಳಿ ರಬ್ಬರಿನಿಂದ ಉದ್ದುದ್ದಕ್ಕೆ ಹಗುರವಾಗಿ ಉಜ್ಜಿ, ಪುಡಿ ಕೊಡವಿ, 99 ಶೇಕಡಾದ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಬೇಕು. ಇಂಕ್ ಅಳಿಸುವ ಒರಟು ರಬ್ಬರ್ ಬೇಡ, ಚಿನ್ನದ ಲೇಪ ತೆಳು, ಹೋದರೆ ಒಳಗಿನ ಲೋಹ ಇನ್ನೂ ಬೇಗ ಕಪ್ಪಾಗುತ್ತದೆ. ಸ್ಲಾಟಿಗೆ ಮೆದು ಬ್ರಷ್, ಅದೇ ಆಲ್ಕೋಹಾಲ್, ಅರ್ಧ ಗಂಟೆ ಒಣಗಲು ಬಿಡುವುದು. ಆಮೇಲೆ ಒಂದೊಂದೇ ರ‍್ಯಾಮನ್ನು ಒಂದೊಂದೇ ಸ್ಲಾಟಿನಲ್ಲಿಟ್ಟು ಪರೀಕ್ಷೆ, ಕೊನೆಗೆ ಎರಡನ್ನೂ ಹಾಕಿ ಪೆನ್‌ಡ್ರೈವಿನಿಂದ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ರಾತ್ರಿಯಿಡೀ. ಒಂದೂ ತಪ್ಪು ಬರಲಿಲ್ಲ.

ಮೂರನೇ ದಿನ

ಬೆಳಗ್ಗೆ ಹತ್ತು ಪ್ರಯತ್ನಗಳಲ್ಲಿ ಎರಡು ಸಲ ಇನ್ನೂ ಲೋಗೋದಲ್ಲಿ ನಿಂತಿತು. ಕಡಿಮೆಯಾಗಿದೆ, ಹೋಗಿಲ್ಲ.

ಬೋರ್ಡಿನ ನಾಣ್ಯದಂಥ ಸಿಆರ್2032 ಸೆಲ್ 2.41 ವೋಲ್ಟ್ ತೋರಿಸಿತು. ಹೊಸದು 3 ವೋಲ್ಟ್ ದಾಟಿರಬೇಕು. ಬದಲಾಯಿಸಿದೆವು. ಈ ಸೆಲ್ ತೆಗೆದಾಗ ಬಹಳ ಜನ ಮುಗ್ಗರಿಸುವುದು ಮುಂದಿನ ಹೆಜ್ಜೆಯಲ್ಲಿ: ಬಯಾಸ್ ತನ್ನ ಮೂಲ ಸೆಟ್ಟಿಂಗ್‌ಗೆ ಮರಳುತ್ತದೆ. ಸಾಟಾ ಮೋಡ್ (ಬೋರ್ಡು ಡಿಸ್ಕಿನೊಂದಿಗೆ ಮಾತಾಡುವ ಕ್ರಮ) ಮೊದಲು ಎಎಚ್‌ಸಿಐ ಇದ್ದು ಈಗ ಐಡಿಇ ಆಗಿದ್ದರೆ ವಿಂಡೋಸ್ ನೀಲಿ ಪರದೆ ತೋರಿಸಿ ಬೀಳುತ್ತದೆ. ಯುಇಎಫ್ಐ ಇದ್ದದ್ದು ಲೆಗಸಿ, ಅಂದರೆ ಹಳೆಯ ಬೂಟ್ ಕ್ರಮ, ಆದರೆ ಬೂಟ್ ಡಿಸ್ಕೇ ಸಿಗುವುದಿಲ್ಲ. ಸೆಲ್ ಕೀಳುವ ಮೊದಲು ಬಯಾಸ್ ಪುಟಗಳ ಫೋಟೋ ಮೊಬೈಲಿನಲ್ಲಿ ಇರಲಿ. ತಾರೀಖು ಸರಿಪಡಿಸುವುದೂ ಮುಖ್ಯ. ಹಳೆಯ ವರ್ಷ ಉಳಿದರೆ ಬ್ಯಾಂಕ್, ಜಿಎಸ್‌ಟಿ ತಾಣಗಳು ಭದ್ರತೆಯ ಎಚ್ಚರಿಕೆ ಕೊಟ್ಟು ತೆರೆಯದೇ ಹೋಗುತ್ತವೆ, ಅದನ್ನು ಇಂಟರ್ನೆಟ್ ದೋಷ ಎಂದು ತಿಳಿಯುವವರಿದ್ದಾರೆ.

ನಾಲ್ಕನೇ ದಿನ, ಬೆಳಗ್ಗೆ ಆರೂವರೆ

ಹೊರಗೆ ಜಡಿಮಳೆ, ಕೋಣೆಯ ತಾಪ 17 ಡಿಗ್ರಿ. ಇಡೀ ರಾತ್ರಿ ಆಫ್ ಆಗಿದ್ದ ಯಂತ್ರದ ಖಾಲಿ ನಾಲ್ಕು ಪಿನ್ ಕನೆಕ್ಟರಿಗೆ ಮಲ್ಟಿಮೀಟರ್ ಹಚ್ಚಿ ಆನ್ ಮಾಡಿದ್ದು. ಕಪ್ಪು-ಹಳದಿ ನಡುವೆ 11.21 ವೋಲ್ಟ್, ಕಪ್ಪು-ಕೆಂಪು ನಡುವೆ 4.68. ಡೆಸ್ಕ್‌ಟಾಪ್ ಎಸ್‌ಎಂಪಿಎಸ್‌ಗಳ ಎಟಿಎಕ್ಸ್ ನಿಯಮದ ಪ್ರಕಾರ ಶೇಕಡಾ 5ರಷ್ಟು ಮಾತ್ರ ಹೆಚ್ಚುಕಡಿಮೆ ಆಗಬಹುದು: 12 ವೋಲ್ಟಿನದು 11.4ಕ್ಕಿಂತ, 5 ವೋಲ್ಟಿನದು 4.75ಕ್ಕಿಂತ ಇಳಿಯಬಾರದು. ಹತ್ತು ನಿಮಿಷದಲ್ಲಿ ಅದೇ ಎಸ್‌ಎಂಪಿಎಸ್ 11.7 ಮತ್ತು 4.9ಕ್ಕೆ ಏರಿತು. ಹತ್ತು ಗಂಟೆಗೆ ಯಂತ್ರ ಸರಿಹೋಗುತ್ತಿದ್ದ ಗುಟ್ಟು ಇದೇ.

ಕಾರಣ ಕೆಪಾಸಿಟರ್‌ಗಳು. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಹಳತಾದಂತೆ ಒಳಗಿನ ದ್ರವ ಒಣಗಿ ಅದರ ಒಳರೋಧ ಏರುತ್ತದೆ. ತಣ್ಣಗಿದ್ದಾಗ ಇನ್ನಷ್ಟು ಏರುತ್ತದೆ. ಹೊಸದಾಗಿದ್ದಾಗ 17 ಡಿಗ್ರಿ ಲೆಕ್ಕಕ್ಕೇ ಇಲ್ಲ, ಬತ್ತಿದ ಕೆಪಾಸಿಟರಿಗೆ ಅಷ್ಟೇ ಚಳಿ ಸಾಕು. ಮಲ್ಟಿಮೀಟರ್ ತೋರಿಸುವುದು ಸರಾಸರಿ ಮಾತ್ರ ಎನ್ನುವುದೂ ನೆನಪಿರಲಿ. 12 ವೋಲ್ಟ್ ಮೇಲಿನ ಅಲೆ (ವೋಲ್ಟೇಜಿನ ಕ್ಷಿಪ್ರ ಏರಿಳಿತ) 120 ಮಿಲಿವೋಲ್ಟ್, 5 ವೋಲ್ಟ್ ಮೇಲಿನದು 50 ಮಿಲಿವೋಲ್ಟ್ ಮೀರಬಾರದು, ಅದು ಕಾಣಲು ಆಸಿಲೋಸ್ಕೋಪ್ ಬೇಕು. ಆದ್ದರಿಂದ ಮೀಟರ್ ಸರಿ ಎಂದರೆ ಎಸ್‌ಎಂಪಿಎಸ್ ಸರಿ ಎಂದಲ್ಲ. ಮೀಟರ್ ತಪ್ಪು ಎಂದರೆ ಮಾತ್ರ ತಪ್ಪೇ.

ಖಾತ್ರಿಗೆ ಮರುದಿನ ಬೆಳಗ್ಗೆ ಯಂತ್ರ ಆಫ್ ಇರುವಾಗಲೇ ಎಸ್‌ಎಂಪಿಎಸ್ ಡಬ್ಬಕ್ಕೆ ಮಾತ್ರ ಹೇರ್ ಡ್ರೈಯರ್ ಐದು ನಿಮಿಷ ಹಿಡಿದು ಆನ್ ಮಾಡಿದರೆ ಮೊದಲ ಪ್ರಯತ್ನಕ್ಕೇ ಲೋಗೋ ದಾಟಿತು. ಡಬ್ಬ ಬಿಚ್ಚಲು ಹೋಗಬೇಡಿ. ಒಳಗಿನ ದೊಡ್ಡ ಕೆಪಾಸಿಟರ್ 230 ವೋಲ್ಟ್ ಲೈನಿನಿಂದ ಸುಮಾರು 325 ವೋಲ್ಟ್ ತುಂಬಿಕೊಂಡಿರುತ್ತದೆ, ಪ್ಲಗ್ ಕಿತ್ತ ಮೇಲೂ. ಹೊಸ 450 ವ್ಯಾಟ್‌ನದು ಕೂರಿಸಿದೆವು: ತಣ್ಣಗಿನ ಆರಂಭದಲ್ಲೇ 12.08, 5.03.

ಐದು ಮತ್ತು ಆರನೇ ದಿನ

ಲೋಗೋ ಹ್ಯಾಂಗ್ ಹನ್ನೆರಡು ಪ್ರಯತ್ನಗಳಲ್ಲಿ ಸೊನ್ನೆ. ಚುಕ್ಕಿಗಳಲ್ಲಿ ನಿಲ್ಲುವುದು ಮಾತ್ರ ಹಾಗೇ ಇದೆ, ಅಂದರೆ ಎರಡನೇ ರೋಗ.

ಡಿಸ್ಕಿನ ಸ್ಮಾರ್ಟ್ ದಾಖಲೆ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ತೆರೆದಾಗ ಸಿ5 ಸಾಲಿನಲ್ಲಿ 16, ಸಿ7 ಸಾಲಿನಲ್ಲಿ 212. ಸಿ7 ಎಂದರೆ ಡಿಸ್ಕ್ ಮತ್ತು ಬೋರ್ಡಿನ ನಡುವಿನ ಮಾತಿನಲ್ಲಿ ಆದ ತಪ್ಪು. ಬಹುಪಾಲು ಸಾಟಾ ಕೇಬಲಿನದೇ ತಕರಾರು. ಆ ಎಣಿಕೆ ಇಳಿಯುವುದಿಲ್ಲ, ಏರುತ್ತಿದೆಯೇ ಎಂದಷ್ಟೇ ನೋಡಬೇಕು. ಕೇಬಲ್ ಬದಲಿಸಿದ ಮೇಲೆ 212ರಲ್ಲೇ ನಿಂತಿತು. ಸಿ5 ಹಾಗಲ್ಲ, ಅದು ಓದಲಾಗದೆ ಬಾಕಿ ಉಳಿದ ಜಾಗ. ವಿಂಡೋಸಿಗೆ ಬೇಕಾದ ಕಡತ ಅಲ್ಲಿದ್ದರೆ ಡಿಸ್ಕ್ ಅದನ್ನೇ ಮತ್ತೆ ಮತ್ತೆ ಓದಲು ಹೆಣಗುತ್ತದೆ. ದೀಪ ಆರದೆ ಉರಿಯುತ್ತಿದ್ದುದು ಇದಕ್ಕೇ.

ಇಂಥ ಡಿಸ್ಕಿನ ಮೇಲೆ ಚೆಕ್‌ಡಿಸ್ಕ್ (ವಿಂಡೋಸಿನ ಡಿಸ್ಕ್ ತಪಾಸಣೆ) ಓಡಿಸುವುದು ದೊಡ್ಡ ತಪ್ಪು. ಸಾಯುತ್ತಿರುವ ಡಿಸ್ಕಿಗೆ ಗಂಟೆಗಟ್ಟಲೆ ಕೆಲಸ ಕೊಟ್ಟಂತಾಗುತ್ತದೆ, ಕೂಲಿ ಲೆಕ್ಕ, ಟ್ಯಾಲಿ ಎಲ್ಲ ಅದರೊಂದಿಗೇ ಹೋಗುತ್ತದೆ. ಮೊದಲು ಲೆಕ್ಕದ ಫೋಲ್ಡರಿನ ಪ್ರತಿ. ಆಮೇಲೆ ಲೈವ್ ಲಿನಕ್ಸ್ ಪೆನ್‌ಡ್ರೈವಿನಿಂದ ಡಿಡಿರೆಸ್ಕ್ಯೂ (ಕೆಟ್ಟ ಡಿಸ್ಕಿನಿಂದ ನಕಲು ತೆಗೆಯುವ ತಂತ್ರಾಂಶ) ಬಳಸಿ ಪೂರ್ತಿ ಡಿಸ್ಕ್ ಹೊಸ ಎಸ್‌ಎಸ್‌ಡಿಗೆ. ಇದು ಡಿಸ್ಕನ್ನು ಇದ್ದಂತೆಯೇ ನಕಲು ಮಾಡುವುದರಿಂದ 480 ಜಿಬಿಯ ಎಸ್‌ಎಸ್‌ಡಿ ಸಾಲದು, 500 ಅಥವಾ ಮೇಲ್ಪಟ್ಟದ್ದೇ ಬೇಕು. ಎಲ್ಲಿವರೆಗೆ ನಕಲಾಯಿತೆಂದು ಗುರುತಿಡುವ ಮ್ಯಾಪ್ ಕಡತವನ್ನು ಬೇರೊಂದು ಪೆನ್‌ಡ್ರೈವಿನಲ್ಲಿಟ್ಟರೆ ನಡುವೆ ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಯುತ್ತದೆ. ನಮ್ಮದು ಎರಡು ಸಲ ನಿಂತಿತು, ಎರಡೂ ಸಲ ಅದೇ ಉಳಿಸಿತು. ಕೊನೆಗೆ ಓದಲಾಗದೆ ಉಳಿದದ್ದು 8 ಕೆಬಿ.

ನಕಲಾದ ಮೇಲೆ ಹಳೆಯ ಡಿಸ್ಕನ್ನು ಕಳಚಿಯೇ ಹೊಸದರಿಂದ ಬೂಟ್ ಮಾಡಬೇಕು. ಒಂದೇ ಗುರುತಿನ ಎರಡು ಡಿಸ್ಕ್ ಕಂಡರೆ ವಿಂಡೋಸ್ ಗಲಿಬಿಲಿಗೊಳ್ಳುತ್ತದೆ. ಈಗ, ಎಸ್‌ಎಸ್‌ಡಿ ಮೇಲೆ, ಚೆಕ್‌ಡಿಸ್ಕ್ ಮತ್ತು ಸಿಸ್ಟಮ್ ಫೈಲ್ ಚೆಕರ್ ಓಡಿಸಿದೆವು. ಎರಡು ಕಡತ ದುರಸ್ತಿಯಾದವು.

ಪವರ್ ಸೆಟ್ಟಿಂಗಿನಲ್ಲಿ ಫಾಸ್ಟ್ ಸ್ಟಾರ್ಟಪ್ ಕೂಡ ತೆಗೆದಾಗಿದೆ. ಅದು ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸಿನ ಒಳಭಾಗ ಪೂರ್ತಿ ಮುಚ್ಚದೆ ಡಿಸ್ಕಿನಲ್ಲಿ ಉಳಿಯುತ್ತದೆ, ಬರೆಯುವ ಹೊತ್ತಿಗೆ ಕರೆಂಟ್ ಹೋದರೆ ಬೆಳಗ್ಗೆ ಕಷ್ಟ. ರೀಸ್ಟಾರ್ಟ್ ಸರಿಯಿದ್ದು ಶಟ್‌ಡೌನ್ ನಂತರದ ಆರಂಭ ಮಾತ್ರ ಹದಗೆಟ್ಟಿದ್ದರೆ ಮೊದಲ ಅನುಮಾನ ಇದರ ಮೇಲೇ ಇರಲಿ.

ಏಳನೇ ದಿನ

ಗೋಡೆಯ ಸಾಕೆಟ್. ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತಿತ್ತು, ಅದು ಅರ್ತ್ ಇಲ್ಲದ ಗುರುತು: ಎಸ್‌ಎಂಪಿಎಸ್‌ನ ಫಿಲ್ಟರ್ ಕೆಪಾಸಿಟರ್‌ಗಳಿಂದ ಲೈನಿನ ಅರ್ಧದಷ್ಟು ವೋಲ್ಟೇಜ್ ಡಬ್ಬದ ಮೇಲೆ ಬರುತ್ತದೆ. ನ್ಯೂಟ್ರಲ್-ಅರ್ತ್ ನಡುವೆ 46 ವೋಲ್ಟ್ ಸಿಕ್ಕಿತು. ಎರಡು ಮೂರು ವೋಲ್ಟ್ ಒಳಗಿರಬೇಕಾದದ್ದು. ಅರ್ತ್ ಗುಂಡಿಯ ವಯರ್ ಕ್ಲಾಂಪ್ ತುಕ್ಕು ಹಿಡಿದು ಕಳಚಿತ್ತು. ಎಲೆಕ್ಟ್ರಿಷಿಯನ್ ಹೊಸ ಕ್ಲಾಂಪ್ ಹಾಕಿದ ಮೇಲೆ 1.8.

ಮಳೆಗಾಲದ ಈ ಅಂಕಿಯನ್ನು ಮಾತ್ರ ನಂಬಿ ಕೂರುವಂತಿಲ್ಲ. ಈಗ ನೆಲ ನೆನೆದು ಅರ್ತ್ ಚೆನ್ನಾಗಿ ಕಾಣುತ್ತದೆ. ಫೆಬ್ರವರಿ-ಮಾರ್ಚ್‌ನಲ್ಲಿ, ಕಾಫಿ ಹೂ ಅರಳಿಸುವ ಹೂಮಳೆ ಬಾರದೆ ತೋಟಗಳಲ್ಲಿ ಸ್ಪ್ರಿಂಕ್ಲರ್ ಪಂಪ್‌ಗಳು ಒಟ್ಟಿಗೆ ಓಡುವಾಗ, ಮಣ್ಣು ಒಣಗಿ ಅರ್ತ್ ದುರ್ಬಲವಾಗಿ ಲೈನ್ ವೋಲ್ಟೇಜೂ ಕುಸಿದಿರುತ್ತದೆ. ನಿಜವಾದ ಪರೀಕ್ಷೆ ಆಗಲೇ.

ಕೊನೆಯ ಲೆಕ್ಕ

ಹದಿನಾಲ್ಕು ಬೆಳಗ್ಗೆ, ಹದಿನಾಲ್ಕು ಆರಂಭ, ಒಂದೂ ಹ್ಯಾಂಗ್ ಇಲ್ಲ. ಬಟನ್ ಒತ್ತಿದಲ್ಲಿಂದ ಡೆಸ್ಕ್‌ಟಾಪ್‌ವರೆಗೆ 24 ಸೆಕೆಂಡ್. ರಜೆ ಇದ್ದರೂ ದಿನಕ್ಕೆ ಒಂದು ಗಂಟೆ ಯಂತ್ರ ಓಡಿಸಲು ಆಫೀಸಿನವರಿಗೆ ಹೇಳಿದೆ, ಒಳಗಿನ ಬಿಸಿಯೇ ಥಂಡಿ ಓಡಿಸುತ್ತದೆ. ಬಟ್ಟೆಯ ಬೀರುವಿನೊಳಗೆ ಬಲ್ಬು ಉರಿಸುವ ಲೆಕ್ಕವೇ ಇದು. ಪ್ಲಾಸ್ಟಿಕ್ ಹೊದಿಕೆ ತೆಗೆಸಲಾಗಿದೆ, ಅದು ತೇವವನ್ನು ಒಳಗೇ ಹಿಡಿದಿಡುತ್ತಿತ್ತು.

ಬಾಕಿ ಇರುವುದು ಎರಡು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಈ ಪ್ರೊಸೆಸರ್ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ; ಬ್ಯಾಂಕಿನ ಕೆಲಸವನ್ನು ಬೇರೆ ಯಂತ್ರಕ್ಕೆ ಸಾಗಿಸಬೇಕು. ಇನ್ನೊಂದು, ಫೆಬ್ರವರಿಯಲ್ಲಿ ಪಂಪ್ ಓಡುವ ಹೊತ್ತಿಗೆ ಅದೇ ಸಾಕೆಟಿನಲ್ಲಿ ಮೂರು ಅಳತೆ: ಫೇಸ್-ನ್ಯೂಟ್ರಲ್, ಫೇಸ್-ಅರ್ತ್, ನ್ಯೂಟ್ರಲ್-ಅರ್ತ್.