ಸ್ವಲ್ಪ ಹಣದಲ್ಲಿ ಮನೆಗೆ ಏನು ಮಾಡಿಸಲಿ?

‘ಕೈಯಲ್ಲಿ ಒಂದಿಷ್ಟು ಹಣವಿದೆ, ಹೆಚ್ಚೇನಿಲ್ಲ. ಮನೆಗೆ ಏನು ಮಾಡಿಸಿದರೆ ಚೆನ್ನ?’ ಮನೆ ದುರಸ್ತಿಯ ಬಗ್ಗೆ ಬರೆಯತೊಡಗಿದ ಮೇಲೆ ಪರಿಚಿತರೂ ಅಪರಿಚಿತರೂ ನನ್ನನ್ನು ಕೇಳುವ ಪ್ರಶ್ನೆ ಇದು. ಕೇಳುವವರಲ್ಲಿ ಬಹಳ ಮಂದಿ ಉತ್ತರವನ್ನೂ ಜೊತೆಗೇ ತಂದಿರುತ್ತಾರೆ: ಹಜಾರಕ್ಕೆ ಹೊಸ ಬಣ್ಣ, ಇಲ್ಲವೇ ಫಾಲ್ಸ್ ಸೀಲಿಂಗ್. ಅವರಿಗೆ ಬೇಕಾಗಿರುವುದು ನನ್ನ ಒಪ್ಪಿಗೆ ಮಾತ್ರ. ನಾನು ಅಷ್ಟು ಸುಲಭಕ್ಕೆ ಒಪ್ಪುವವನಲ್ಲ.

ನನ್ನ ಉತ್ತರ ಎಲ್ಲರಿಗೂ ಒಂದೇ. ಮೊದಲು ನೀರನ್ನು ನಿಲ್ಲಿಸಿ, ಅಂದಚಂದ ಆಮೇಲೆ ನೋಡೋಣ. ಗೋಡೆಯ ಬಣ್ಣ ಕೆಡಿಸುವುದು, ಬಾಗಿಲ ಚೌಕಟ್ಟನ್ನು ಲಡ್ಡು ಹಿಡಿಸುವುದು, ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ತುಕ್ಕು ತರುವುದು ಎಲ್ಲವೂ ನೀರೇ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಉಬ್ಬಿ ತನ್ನ ಮೇಲಿನ ಕಾಂಕ್ರೀಟನ್ನು ಸೀಳುತ್ತದೆ. ಆ ಹಂತ ತಲುಪಿದ ಮನೆಗೆ ‘ಸ್ವಲ್ಪ ಹಣ’ದ ಮಾತೇ ಇಲ್ಲ. ನೀರಿನ ದಾರಿ ಮುಚ್ಚದೆ ಬಣ್ಣ ಹೊಡೆಸುವುದೆಂದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಗೋಡೆಯ ಒಂದು ಕಡೆ ಬಣ್ಣ ಹಕ್ಕಳೆ ಎದ್ದಿದೆ, ಹಕ್ಕಳೆಯ ಅಡಿಯಲ್ಲಿ ಬೆರಳಿಗೆ ಅಂಟುವ ಬಿಳಿ ಪುಡಿಯಿದೆ ಎಂದಿಟ್ಟುಕೊಳ್ಳಿ. ಅನೇಕರು ಅದನ್ನು ಬೂಸ್ಟು ಎಂದು ತಿಳಿಯುತ್ತಾರೆ. ಅದು ಉಪ್ಪು. ಇಟ್ಟಿಗೆಯಲ್ಲೂ ಸಿಮೆಂಟಿನಲ್ಲೂ ಇರುವ ಲವಣಗಳು ನೀರಿನಲ್ಲಿ ಕರಗಿ ಗೋಡೆಯ ಮೇಲ್ಮೈಗೆ ಬರುತ್ತವೆ. ನೀರು ಆರಿಹೋಗುತ್ತದೆ, ಉಪ್ಪು ಅಲ್ಲೇ ಹರಳುಗಟ್ಟಿ ಬಣ್ಣವನ್ನು ಎಬ್ಬಿಸುತ್ತದೆ. ನೀರು ಬರುತ್ತಿರುವಷ್ಟು ಕಾಲ ಎಂಥ ದುಬಾರಿ ಬಣ್ಣವೂ ಅಲ್ಲಿ ನಿಲ್ಲುವುದಿಲ್ಲ.

ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು ಕಲೆ ಇರುವ ಜಾಗವೇ ಅರ್ಧ ಹೇಳಿಬಿಡುತ್ತದೆ. ಚಾವಣಿಯ ಅಂಚಿನಿಂದ ಕೆಳಗಿಳಿದಿದ್ದರೆ ತಾರಸಿಯನ್ನು ನೋಡಬೇಕು. ಕಿಟಕಿಯ ಕೆಳಮೂಲೆಗಳಲ್ಲಿದ್ದರೆ ಚೌಕಟ್ಟು ಮತ್ತು ಗೋಡೆ ಸೇರುವ ಸಂದನ್ನು ನೋಡಬೇಕು. ಬಚ್ಚಲುಮನೆಯ ಆಚೆ ಬದಿಯ ಗೋಡೆ ಮಳೆಯಿರಲಿ ಬಿಡಲಿ ಒದ್ದೆಯಾಗಿಯೇ ಇದ್ದರೆ ಟೈಲ್ಸ್ ಸಂದುಗಳ ಮೇಲೋ ಒಳಗಿನ ಪೈಪಿನ ಮೇಲೋ ಗುಮಾನಿ ಪಡಬಹುದು. ನೆಲದಿಂದ ಮೊಳಕಾಲೆತ್ತರದವರೆಗೆ ಉದ್ದಕ್ಕೂ ಪಟ್ಟೆಯಾಗಿ ಏರಿದ್ದರೆ ಅದು ಬಹುಮಟ್ಟಿಗೆ ಅಡಿಪಾಯದಿಂದ ಹತ್ತುವ ತೇವ. ಅದೊಂದನ್ನು ಮಾತ್ರ ಕಡಿಮೆ ಖರ್ಚಿನ ಪಟ್ಟಿಯಿಂದ ಕೈಬಿಡಿ. ಮೇಲೆ ಒಂದು ಲೇಪನ ಬಳಿದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆ ನೀರು ಲೇಪನದ ಹಿಂದೆ ಇನ್ನೂ ಮೇಲಕ್ಕೆ ಹತ್ತುತ್ತದೆ.

ಇನ್ನೂ ಅನುಮಾನವಿದ್ದರೆ ಖರ್ಚಿಲ್ಲದ ಪರೀಕ್ಷೆಯೊಂದಿದೆ. ಒಂದಡಿ ಅಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಕಲೆಯ ಮೇಲೆ ಇಟ್ಟು, ನಾಲ್ಕೂ ಅಂಚಿಗೆ ಸಂದಿಲ್ಲದಂತೆ ಟೇಪು ಅಂಟಿಸಿ, ಒಂದೆರಡು ದಿನ ಬಿಡಿ. ಹಾಳೆಯ ಹಿಂಬದಿಯಲ್ಲಿ, ಎಂದರೆ ಗೋಡೆಯ ಕಡೆ, ಹನಿಗಟ್ಟಿದ್ದರೆ ತೇವ ಗೋಡೆಯೊಳಗಿಂದ ಬರುತ್ತಿದೆ. ಕೋಣೆಯ ಕಡೆ ಹನಿಗಟ್ಟಿದ್ದರೆ ಅದು ಗಾಳಿಯಲ್ಲಿರುವ ತೇವ, ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತಿದೆ. ಮೊದಲನೆಯದಕ್ಕೆ ರಿಪೇರಿ ಬೇಕು. ಎರಡನೆಯದಕ್ಕೆ ಗಾಳಿಯಾಡಿದರೆ ಸಾಕು, ಒಂದು ಎಗ್ಸಾಸ್ಟ್ ಫ್ಯಾನ್ ಹಾಕಿಸಿದರೂ ಆಯಿತು. ಫ್ಯಾನ್ ಗಾಳಿಯನ್ನು ಹೊರಗೆ ದೂಡಬೇಕಾದರೆ ಒಳಗೆ ಗಾಳಿ ಬರಲು ದಾರಿಯಿರಬೇಕು. ಬಾಗಿಲ ಕೆಳಗೆ ಎರಡು ಬೆರಳಿನಷ್ಟು ಸಂದು ಬಿಡಿ.

ತಾರಸಿಯ ಕೆಲಸವನ್ನು ಬೇಸಿಗೆಯಲ್ಲಿ ಮಾಡಿಸುತ್ತೇವೆ, ಆದರೆ ಅದನ್ನು ನೋಡಬೇಕಾದ್ದು ಮಳೆ ನಿಂತ ಮೇಲೆ. ಮೇಲೆ ಹತ್ತಿ ನೀರು ಎಲ್ಲೆಲ್ಲಿ ನಿಂತಿದೆ ಎಂದು ಸೀಮೆಸುಣ್ಣದಲ್ಲಿ ಗೆರೆ ಎಳೆದಿಡಿ. ನೀರು ತಾನಾಗಿ ಹರಿದುಹೋಗಲು ಮೀಟರಿಗೆ ಒಂದು ಸೆಂಟಿಮೀಟರಿನಷ್ಟು ಇಳಿಜಾರು ಸಾಕು, ಆದರೆ ನೀರಿಳಿಯುವ ಕೊಳವೆಯ ಬಾಯಿಗೆ ಒಣಗಿದ ಎಲೆ ಕಟ್ಟಿಕೊಂಡಿದ್ದರೆ ಇಳಿಜಾರಿದ್ದೂ ಪ್ರಯೋಜನವಿಲ್ಲ. ಕೊಳವೆಯ ಬಾಯಿಗೆ ಒಂದು ಜಾಲರಿ ಹಾಕಿಸಿ, ಮಳೆಗಾಲಕ್ಕೆ ಮುಂಚೆ ಒಮ್ಮೆ ಗುಡಿಸಿ. ಎಷ್ಟೋ ಮನೆಗಳ ಸೋರಿಕೆ ಇಷ್ಟಕ್ಕೇ ನಿಂತುಹೋಗುತ್ತದೆ.

ಬಿರುಕುಗಳಿದ್ದರೆ ಮೇಲೆ ಸಿಮೆಂಟ್ ಸಾರಿಸಿ ಸುಮ್ಮನಾಗುವುದು ಬೇಡ. ತಾರಸಿ ಹಗಲಿನ ಬಿಸಿಲಿಗೆ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ; ಗಡುಸಾದ ಸಿಮೆಂಟ್ ಅದೇ ಗೆರೆಯಲ್ಲಿ ಮತ್ತೆ ಬಿಡುತ್ತದೆ. ಬಿರುಕನ್ನು ಉಳಿಯಿಂದ ಸ್ವಲ್ಪ ಅಗಲ ಮಾಡಿ, ಧೂಳು ತೆಗೆದು, ಒಣಗಿದ ಮೇಲೆ ಎಳೆದರೆ ಹಿಗ್ಗುವಂಥ ಸೀಲೆಂಟ್ ತುಂಬಬೇಕು. ಆಮೇಲೆ ಬಿಸಿಲನ್ನು ಹಿಂದಕ್ಕೆ ಎಸೆಯುವ ಬಿಳಿ ಲೇಪನವನ್ನು ಎರಡು ಸಲ, ಮೊದಲನೆಯದು ಉದ್ದಕ್ಕೆ ಎರಡನೆಯದು ಅಡ್ಡಕ್ಕೆ, ಹೊಡೆಯಿರಿ. ಗಾಢ ಬಣ್ಣದ ಚಾವಣಿ ಕಡುಬಿಸಿಲಿನಲ್ಲಿ 65 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಬಿಳಿಯ ಚಾವಣಿ ಅದಕ್ಕಿಂತ ಬಹಳ ತಣ್ಣಗಿರುತ್ತದೆ. ಮೇಲಿನ ಅಂತಸ್ತಿನಲ್ಲಿ ಮಲಗುವವರಿಗೆ ಇದಕ್ಕಿಂತ ಲಾಭದ ಖರ್ಚು ನನಗೆ ಗೊತ್ತಿಲ್ಲ. ಕೆಲವು ವರ್ಷಗಳಿಗೊಮ್ಮೆ ಮತ್ತೆ ಹೊಡೆಯಬೇಕು, ಅದು ನಿಜ.

ಬಚ್ಚಲುಮನೆಯ ಟೈಲ್ಸ್ ಕಿತ್ತು ಹೊಸದು ಹಾಕಿಸಬೇಕೆಂದು ಹೊರಟವರನ್ನು ನಾನು ಸಾಮಾನ್ಯವಾಗಿ ತಡೆಯುತ್ತೇನೆ. ಹಳತಾಗಿ ಕಾಣುವುದು ಟೈಲ್ಸ್ ಅಲ್ಲ, ಕಪ್ಪಾದ ಸಂದುಗಳು. ಆ ಸಂದುಗಳಲ್ಲಿ ತುಂಬಿರುವ ಹಳೆಯ ಗಾರೆಯನ್ನು, ಎಂದರೆ ಗ್ರೌಟನ್ನು, ಎರಡು ಮೂರು ಮಿಲಿಮೀಟರ್ ಆಳಕ್ಕೆ ಕೆರೆದು ತೆಗೆದು, ತೊಳೆದು ಚೆನ್ನಾಗಿ ಒಣಗಿಸಿ, ಎಪಾಕ್ಸಿ ಗ್ರೌಟ್ ತುಂಬಿದರೆ ಅದೇ ಬಚ್ಚಲು ಹೊಸದಾಗುತ್ತದೆ. ಗೋಡೆಯೂ ನೆಲವೂ ಸೇರುವ ಮೂಲೆಗೆ ಮಾತ್ರ ಗ್ರೌಟ್ ಬೇಡ. ಆ ಎರಡೂ ಬೇರೆ ಬೇರೆಯಾಗಿ ಅಲುಗುವುದರಿಂದ ಅಲ್ಲಿ ಸಿಲಿಕೋನ್ ಸೀಲೆಂಟೇ ಬೇಕು. ಹಾಕಿದ ಮೇಲೆ ಒಂದು ದಿನ ನೀರು ತಾಗಿಸಬಾರದು. ಮನೆಮಂದಿಗೆಲ್ಲ ಒಂದೇ ಬಚ್ಚಲಿದ್ದರೆ ಈ ಕೆಲಸದ ಕಷ್ಟದ ಭಾಗ ಇದೇ!

ನಲ್ಲಿಯ ವಿಷಯ ಎಲ್ಲರಿಗೂ ಗೊತ್ತು, ಯಾರೂ ಮಾಡುವುದಿಲ್ಲ. ಸೆಕೆಂಡಿಗೊಂದು ಹನಿ ಎಂದರೆ ದಿನಕ್ಕೆ 86,400 ಹನಿ. ವರ್ಷಕ್ಕೆ ಸಾವಿರಾರು ಲೀಟರ್. ಹಳೆಯ ಬಗೆಯ ನಲ್ಲಿಯಾದರೆ ಸವೆದ ವಾಷರ್ ಬದಲಿಸಿದರೆ ಮುಗಿಯಿತು. ಫ್ಲಷ್ ಟ್ಯಾಂಕಿನ ಸೋರಿಕೆ ಸದ್ದಿಲ್ಲದ್ದು. ಟ್ಯಾಂಕಿಗೆ ಅಡುಗೆಗೆ ಬಳಸುವ ಬಣ್ಣವನ್ನು ನಾಲ್ಕು ಹನಿ ಹಾಕಿ, ಫ್ಲಷ್ ಮಾಡದೆ ಕಾಲು ಗಂಟೆ ಬಿಟ್ಟು ನೋಡಿ. ಕೆಳಗೆ ಬಣ್ಣ ಕಂಡರೆ ಟ್ಯಾಂಕಿನ ತಳದ ರಬ್ಬರ್ ಮುಚ್ಚಳ ಕೆಟ್ಟಿದೆ.

ನೆಲಕ್ಕೋ ಚೌಕಟ್ಟಿಗೋ ಉಜ್ಜುವ ಬಾಗಿಲಿಗೆ ಎಲ್ಲರೂ ಬಡಗಿಯನ್ನು ಕರೆದು ಕೀಸಿಸುತ್ತಾರೆ, ಅದೂ ಮಳೆಗಾಲದಲ್ಲಿ. ಮಳೆಗಾಲಕ್ಕೆ ಉಬ್ಬಿದ ಮರವನ್ನು ಕೀಸಿಸಿದರೆ ಬೇಸಿಗೆಯಲ್ಲಿ ಸಂದು ಬಿಡುತ್ತದೆ. ಮೊದಲು ಬಾಗಿಲನ್ನು ಅರ್ಧ ತೆರೆದು, ಹಿಡಿಯನ್ನು ಹಿಡಿದು ಮೇಲಕ್ಕೆತ್ತಿ, ಮೇಲಿನ ಕೀಲಿನ ಮೇಲೆ ಕಣ್ಣಿಡಿ. ಕೀಲು ಅಲುಗಿದರೆ ತಪ್ಪು ಮರದ್ದಲ್ಲ, ಸ್ಕ್ರೂಗಳದ್ದು. ತಿರುಗಿಸಿದರೂ ಬಿಗಿಯಾಗದೆ ಸುಮ್ಮನೆ ಸುತ್ತುವ ಸ್ಕ್ರೂ ತೆಗೆದು, ಮದ್ದಿನ ತುದಿ ಮುರಿದ ಬೆಂಕಿಕಡ್ಡಿಗಳನ್ನು ಮರದ ಅಂಟಿನಲ್ಲಿ ಅದ್ದಿ ತೂತಿಗೆ ತುಂಬಿ, ಒಣಗಿದ ಮೇಲೆ ಅದೇ ಸ್ಕ್ರೂ ಬಿಗಿಯಿರಿ. ಬಾಗಿಲು ತನ್ನ ಜಾಗಕ್ಕೆ ಏರಿ ಕೂರುತ್ತದೆ.

ಇಷ್ಟಾದ ಮೇಲೆ ಬಣ್ಣ, ಧಾರಾಳವಾಗಿ. ಹೊಸದಾಗಿ ಪ್ಲಾಸ್ಟರ್ ಮಾಡಿದ ಜಾಗವಿದ್ದರೆ ಸುಮಾರು 28 ದಿನ ಕಾಯಿರಿ. ಪುಟ್ಟಿ ಹಚ್ಚಿದ ಕಡೆ ಉಜ್ಜಿ ಪ್ರೈಮರ್ ಹೊಡೆಯದೆ ಬಿಟ್ಟರೆ ಪುಟ್ಟಿ ಬಣ್ಣವನ್ನು ಹೀರಿಕೊಂಡು, ಸಂಜೆಯ ಓರೆ ಬೆಳಕಿನಲ್ಲಿ ಆ ತೇಪೆಗಳೆಲ್ಲ ಎದ್ದು ಕಾಣುತ್ತವೆ. ಬಹಳ ಹಳೆಯ ಮನೆಯಾದರೆ ಹಳೆಯ ಬಣ್ಣದಲ್ಲಿ ಸೀಸವಿರುವ ಸಾಧ್ಯತೆಯಿದೆ; ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸಬೇಡಿ, ಮಕ್ಕಳನ್ನು ದೂರವಿಡಿ. ದೀಪಗಳನ್ನೂ ಆಗಲೇ ಬದಲಿಸಿ. ಕುಳಿತು ಮಾತಾಡುವ ಕೋಣೆಗೆ 2700ರಿಂದ 3000 ಕೆಲ್ವಿನ್ನಿನ ಹಳದಿ ಛಾಯೆಯ ಎಲ್‌ಇಡಿ ಬಲ್ಬ್ ಹಾಕಿದರೆ ಹೊಸ ಬಣ್ಣ ಚೆನ್ನಾಗಿ ಕಾಣುತ್ತದೆ. 6500ರ ಬಿಳಿ ಬೆಳಕಿನಲ್ಲಿ ಹಜಾರವೂ ಕಚೇರಿಯಾಗುತ್ತದೆ. ಫಾಲ್ಸ್ ಸೀಲಿಂಗ್ ಬೇಕೇ ಬೇಕೆನ್ನುವವರಿಗೆ ನನ್ನದೊಂದೇ ತಕರಾರು: ಮೇಲಿನ ಸೋರಿಕೆಯನ್ನು ಅದು ತಿಂಗಳುಗಟ್ಟಲೆ ಬಚ್ಚಿಡುತ್ತದೆ. ತಾರಸಿಯ ಮೇಲೆ ಒಂದು ಮಳೆಗಾಲ ಕಳೆಯಲಿ, ಆಮೇಲೆ ಹಾಕಿಸಿ.

ಎರಡು ಕೆಲಸಗಳಿಗೆ ಮಾತ್ರ ಸ್ವಂತ ಕೈ ಹಾಕಬೇಡಿ: ಗೋಡೆ ಒಡೆಯುವುದು, ವಿದ್ಯುತ್ ತಂತಿಗೆ ಕೈ ಹಚ್ಚುವುದು. ಯಾವ ಗೋಡೆ ಭಾರ ಹೊತ್ತಿದೆ ಎಂಬುದು ಹೊರಗಿನಿಂದ ತಿಳಿಯುವುದಿಲ್ಲ, ಎಂಜಿನಿಯರ್ ನೋಡಿ ಹೇಳಬೇಕು. ವಿದ್ಯುತ್ತಿನ ವಿಷಯದಲ್ಲಿ ನೀವು ಮಾಡಬಹುದಾದದ್ದು ಒಂದಿದೆ. ಸ್ವಿಚ್ ಬೋರ್ಡುಗಳ ಮೂಲ ಪೆಟ್ಟಿಗೆಯಲ್ಲಿ ಸೋರುವ ವಿದ್ಯುತ್ತನ್ನು ಕಡಿಯುವ ಬ್ರೇಕರ್ ಇದೆಯೇ ನೋಡಿ. ಮನುಷ್ಯರ ಜೀವ ಕಾಯಲು ಬಳಸುವುದು 30 ಮಿಲಿಆಂಪಿಯರಿನದು. ಅದರ ಮೇಲೆ ಪರೀಕ್ಷೆಗೆಂದೇ ಒಂದು ಗುಂಡಿಯಿರುತ್ತದೆ. ಒತ್ತಿದೊಡನೆ ಬ್ರೇಕರ್ ಬೀಳಬೇಕು. ಬೀಳದಿದ್ದರೆ, ಅಥವಾ ಅಂಥ ಬ್ರೇಕರ್ರೇ ಇಲ್ಲದಿದ್ದರೆ, ಬಣ್ಣದವರಿಗಿಂತ ಮೊದಲು ಎಲೆಕ್ಟ್ರಿಷಿಯನ್ನಿಗೆ ಫೋನ್ ಮಾಡಿ.