ಹೆಪ್ಪು ಇಸಕೊಂಡು ಬಾ

ಮೊನ್ನೆ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯ ವಿದ್ಯಾನಗರಕ್ಕೆ ಇಳಿಯಬೇಕಾದವಳು ಹೊಸೂರಿನ ತನಕ ಹೋಗಿಬಿಟ್ಟೆ. ಧಾರವಾಡದ ಜ್ಯುಬಿಲಿ ಸರ್ಕಲ್‌ನಲ್ಲಿ ಹತ್ತಿ ಪುಸ್ತಕ ತೆಗೆದಿದ್ದು, ತಲೆ ಎತ್ತಿದ್ದು ಹೊಸೂರಿನಲ್ಲೇ. ಆಫೀಸಿಗೆ ಇಪ್ಪತ್ತು ನಿಮಿಷ ತಡ. ಟ್ರಾಫಿಕ್ ಜಾಸ್ತಿ ಇತ್ತು ಸರ್ ಅಂದೆ. ಚಿಗರಿಗೆ ಅದರದ್ದೇ ಬೇರೆ ದಾರಿ ಇದೆ, ಟ್ರಾಫಿಕ್ ಎಲ್ಲಿಂದ ಬಂತು ಅಂತ ಅವರು ಕೇಳಲಿಲ್ಲ, ಪುಣ್ಯ.

ಗೆಳತಿ ಕೊಟ್ಟ ಸಸ್ಪೆನ್ಸ್ ಕಾದಂಬರಿ ಅದು. ಹೆಸರು ಬರೆಯುವುದಿಲ್ಲ, ಮುಂದೆ ಓದುವವರು ನನ್ನನ್ನು ಬೈಯಬಾರದು. ಎತ್ತರದ ಗೋಡೆಯ ಒಳಗೆ ಹದಿನಾಲ್ಕು ಮನೆ. ಗೇಟಿಗೆ ಕಾವಲು. ಒಂದು ಗುರುವಾರದಿಂದ ಐದನೇ ಮನೆಯ ಹೆಂಗಸು ಕಾಣುತ್ತಿಲ್ಲ. ತವರಿಗೆ ಹೋಗಿದ್ದಾಳೆ ಅಂತ ಗಂಡ ಹೇಳುತ್ತಾನೆ. ಎಲ್ಲರೂ ಹೌದು ಅನ್ನುತ್ತಾರೆ. ಆದರೆ ಎದುರು ಮನೆಯಾಕೆ ಯಾರೂ ಹೇಳದೆ ದಿನಾ ಸಂಜೆ ಬಂದು ಆ ಮನೆಯ ಗಿಡಗಳಿಗೆ ನೀರು ಹಾಕುತ್ತಾಳೆ. ನಾಲ್ಕು ದಿನಕ್ಕೆ ತವರಿಗೆ ಹೋದವಳ ಗಿಡಕ್ಕೆ ನೀರು ಯಾಕೆ? ನಾನು ಹೊಸೂರಿಗೆ ಹೋಗಿದ್ದು ಈ ಪುಟದ ದೆಸೆಯಿಂದ.

ಕೊನೆಯ ನಲವತ್ತು ಪುಟ ಮಾತ್ರ ಕೆಟ್ಟಿದೆ. ಪೊಲೀಸ್ ಅಧಿಕಾರಿ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂಡಿಸಿ ಪಾಠ ಮಾಡುತ್ತಾನೆ. ‘ಅಯ್ಯೋ, ನಮಗೇನೂ ಗೊತ್ತಿರಲಿಲ್ಲ’ ಅಂತ ಹದಿಮೂರು ಮನೆಯವರೂ ಬಾಯಿ ಬಿಡುತ್ತಾರೆ. ಸುಳ್ಳು. ಹಾಗಾದರೆ ಗಿಡಕ್ಕೆ ನೀರು ಹಾಕಿದವಳ ಕಥೆ ಏನು? ಬರೆದವರಿಗೇ ಅದು ಮರೆತುಹೋಗಿದೆ.

ಅಗಾಥಾ ಕ್ರಿಸ್ಟಿ ಅಲ್ಲಿ ಜಾಣೆ ನೋಡಿ. ಅವರ ಮಿಸ್ ಮಾರ್ಪಲ್ ಕಾದಂಬರಿಯಲ್ಲಿ ಮೊದಲು ಬಂದಿದ್ದು 1930ರಲ್ಲಿ, ಅದೂ ಸೇರಿ ಒಟ್ಟು 12 ಕಾದಂಬರಿ. ಸೇಂಟ್ ಮೇರಿ ಮೀಡ್ ಅನ್ನೋ ಸಣ್ಣ ಹಳ್ಳಿಯ ಮುದುಕಿ. ಮದುವೆ ಆಗಿಲ್ಲ, ಉಣ್ಣೆ ಹೆಣೆಯುತ್ತಾ ಕೂತಿರುತ್ತಾಳೆ. ಯಾವ ಕೊಲೆ ಆದರೂ ಅವಳಿಗೆ ತನ್ನ ಹಳ್ಳಿಯ ಯಾರೋ ಒಬ್ಬರು ನೆನಪಾಗುತ್ತಾರೆ. ಇವನು ಥೇಟ್ ನಮ್ಮೂರ ಇಂಥವನ ಹಾಗೆ ಅಂತ ಹೊರಟರೆ ಕಳ್ಳ ಸಿಕ್ಕ ಹಾಗೇ. ನಮ್ಮಲ್ಲಿ ಕಟ್ಟೆ ಮೇಲೆ ಕೂತು ಹುಣಸೆಹಣ್ಣಿನ ಬೀಜ ತೆಗೆಯುವ ಆಯಿಗಳೂ ಇದನ್ನೇ ಮಾಡುತ್ತಾರೆ, ಅಲ್ವಾ? ಅವರ ಕೈಯಲ್ಲಿ ಉಣ್ಣೆ ಇಲ್ಲ, ಅಷ್ಟೇ.

ನಾವು ಈಗ ಇರುವುದೂ ಗೋಡೆ ಇರುವ ಲೇಔಟಿನಲ್ಲೇ. ನನ್ನ ಸ್ವಂತ ತಮ್ಮ ಬಂದರೂ ರಿಜಿಸ್ಟರಿನಲ್ಲಿ ಹೆಸರು, ಗಾಡಿ ನಂಬರು, ಬಂದ ಹೊತ್ತು ಬರೆಯಬೇಕು. ‘ಸಂಬಂಧ’ ಅನ್ನೋ ಕಾಲಂನಲ್ಲಿ ಅವನು ಒಮ್ಮೆ ‘ಅಷ್ಟಕ್ಕಷ್ಟೇ’ ಅಂತ ಬರೆದು ಹೋಗಿದ್ದ. ಕ್ಯಾಮೆರಾ ಆರು ಇವೆ. ಆರೂ ರಸ್ತೆ ಕಡೆ ಮುಖ ಮಾಡಿವೆ.

ಆದರೆ ಪುಸ್ತಕ ಮುಚ್ಚಿದಾಗ ನನಗೆ ನೆನಪಾಗಿದ್ದು ಲೇಔಟ್ ಅಲ್ಲ. ಹುಬ್ಬಳ್ಳಿಯ ಕ್ವಾರ್ಟರ್ಸ್. ಯಾವ ಇಲಾಖೆದು ಅಂತ ಕೇಳಬೇಡಿ. ಒಂದು ಸಾಲಿಗೆ ಎಂಟು ಮನೆ, ನಡುವೆ ಒಂದೇ ಗೋಡೆ. ಆಚೆ ಮನೆಯಲ್ಲಿ ಒಗ್ಗರಣೆ ಹಾಕಿದರೆ ಈಚೆ ಮನೆಯಲ್ಲಿ ಸೀನು. ಬಾಗಿಲು ಹಾಕುವುದು ರಾತ್ರಿ ಮಲಗುವಾಗ ಮಾತ್ರ. ಅಂಥ ಭದ್ರವಾದ ಜಾಗ ಊರಲ್ಲೇ ಇಲ್ಲ ಅಂತ ಅಪ್ಪ ಎಲ್ಲರ ಮುಂದೆ ಹೇಳುತ್ತಿದ್ದರು.

ನಾನಾಗ ನಾಲ್ಕನೇ ಇಯತ್ತೆ. ಕೆಲವು ಸಂಜೆ ಅವ್ವ ಇದ್ದಕ್ಕಿದ್ದಂತೆ ಲಟ್ಟಣಿಗೆ ಬಿಟ್ಟು ಏಳುತ್ತಿದ್ದಳು. ನನ್ನ ಕೈಗೆ ಸ್ಟೀಲ್ ಬಟ್ಟಲು ಕೊಟ್ಟು, ‘ಹೋಗು, ಕಾಕುನ ಕಡೆ ತಟಗು ಹೆಪ್ಪು ಇಸಕೊಂಡು ಬಾ’ ಅನ್ನುತ್ತಿದ್ದಳು.

‘ಮೊಸರು ಐತೆಲ್ಲವ್ವಾ ಮನ್ಯಾಗ?’

‘ಹೇಳಿದಷ್ಟು ಮಾಡು. ಜೋರಾಗಿ ಕೂಗಿ ಒಳಗ ಹೋಗು.’

ಕಾಕು ಅಂದರೆ ಪಕ್ಕದ ಮನೆಯವರು. ನಾನು ಜೋರಾಗಿ ಕೂಗಿ ಹೋಗುತ್ತಿದ್ದೆ. ಅವರ ಮನೆಯಲ್ಲಿ ಆ ಹೊತ್ತಿಗೆ ರೇಡಿಯೋ ದೊಡ್ಡದಾಗಿ ಹಚ್ಚಿರುತ್ತಿತ್ತು. ಕಾಕಾ ಕುರ್ಚಿಯಲ್ಲಿ ಕೂತು ‘ಬಾ ತಂಗಿ’ ಅನ್ನುತ್ತಿದ್ದರು, ಬಹಳ ಮೆತ್ತಗೆ. ಗಣಪತಿ ಪಟ್ಟಿ ಎತ್ತುವುದರಲ್ಲಿ ಕ್ವಾರ್ಟರ್ಸಿಗೇ ಮುಂದು ಅವರು. ಕಾಕು ಸೆರಗು ಹೊದ್ದುಕೊಂಡು ಬಂದು ಹೆಪ್ಪು ಹಾಕುತ್ತಿದ್ದರು. ಹೆಪ್ಪು ಅಂದರೆ ಒಂದು ಚಮಚ ಸಾಕಲ್ಲ, ಅವರು ಬಟ್ಟಲು ತುಂಬ ಹಾಕುತ್ತಿದ್ದರು. ಆಮೇಲೆ ‘ನಿಂದರು, ಅವಲಕ್ಕಿ ತಿಂದು ಹೋಗು’ ಅಂತ ನನ್ನನ್ನು ಕೂಡಿಸಿಕೊಳ್ಳುತ್ತಿದ್ದರು. ನನಗೆ ಅವಲಕ್ಕಿ ಮೇಲೆ ಆಸೆ. ತಿಂದು, ಬಾಯಿ ಒರೆಸಿಕೊಂಡು ಬಟ್ಟಲು ತಂದರೆ ಅವ್ವ ಅದನ್ನು ನೋಡುತ್ತಲೂ ಇರಲಿಲ್ಲ. ‘ಕಾಕಾ ಏನ್ ಮಾಡಾಕತ್ತಿದ್ರು?’ ಅಂತ ಮಾತ್ರ ಕೇಳುತ್ತಿದ್ದಳು.

ಆ ಹೆಪ್ಪಿನ ಅರ್ಥ ನನಗಾಗಿದ್ದು ನಲವತ್ತಾರನೇ ವಯಸ್ಸಿಗೆ, ಹೊಸೂರು ಬಸ್ ನಿಲ್ದಾಣದಲ್ಲಿ.

ರಾತ್ರಿ ಅವ್ವನಿಗೆ ಫೋನ್ ಮಾಡಿದೆ. ಈಗ ತಮ್ಮನ ಜೊತೆ ಗದಗಿನಲ್ಲಿದ್ದಾಳೆ. ‘ಅವ್ವಾ, ಆವಾಗ ಹೆಪ್ಪು ತರಾಕ ಕಳಸ್ತಿದ್ದೆಲ್ಲಾ, ಯಾಕ?’

‘ನಮ್ಮ ಮೊಸರು ಹುಳಿ ಆಗತಿತ್ತು’ ಅಂದಳು. ಇಷ್ಟು ವರ್ಷ ಆದರೂ ಬಿಟ್ಟುಕೊಡಲಿಲ್ಲ. ನಾನು ಸುಮ್ನೆ ಇದ್ದೆ. ಅವಳೇ ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು.

‘ನಾ ಒಬ್ಬಾಕಿನ ಏನು? ಮೂಲಿ ಮನಿಯಾಕಿ ಬೆಂಕಿಪೊಟ್ಟಣ ಕೇಳಾಕ ಹುಡುಗನ್ನ ಕಳಸ್ತಿದ್ಲು. ಹಿಂದಿನ ಸಾಲಿನಾಕಿ ಸಕ್ರಿ. ಒಮ್ಮೆ ಇಬ್ಬರೂ ಕೂಡೇ ಹೋಗಿ ಬಾಗಿಲದಾಗ ನಿಂತಿದ್ರಂತ.’

‘ನೀವೆಲ್ಲಾ ಅದರ ಬಗ್ಗೆ ಮಾತಾಡ್ತಿದ್ರೇನು?’

‘ಯಾವುದರ ಬಗ್ಗೆ?’ ಅಂದಳು ಅವ್ವ.