ಸೂರ್ಯ ಮಂಜುಗಡ್ಡೆಯ ಹಿಂದೆ ಇರಬೇಕು

ಫೆಬ್ರವರಿ 12, ಭಾನುವಾರ
ಹೊಫ್ನ್, ಐಸ್‌ಲ್ಯಾಂಡ್

ಇವತ್ತು ಇಡೀ ದಿನ ಯೋಕುಲ್‌ಸಾರ್ಲೋನ್ ಸರೋವರದ ಹತ್ತಿರದ ಡೈಮಂಡ್ ಬೀಚ್‌ನಲ್ಲಿ ಫೋಟೋ ತೆಗೆಯುತ್ತಾ ಕಳೆದೆವು. ಇಲ್ಲಿಂದ ಪಶ್ಚಿಮಕ್ಕೆ ಸುಮಾರು 80 ಕಿ.ಮೀ. ಈಗ ಸೂರ್ಯ ಹುಟ್ಟುವುದೇ ಒಂಬತ್ತು ದಾಟಿದ ಮೇಲೆ. ಹುಟ್ಟಿದ ಮೇಲೂ ನೆತ್ತಿಗೆ ಬರುವುದಿಲ್ಲ, ದಕ್ಷಿಣದಲ್ಲಿ ಸಮುದ್ರದ ಮೇಲೆಯೇ ತಗ್ಗಿನಲ್ಲಿ ಸಾಗಿ ಮುಳುಗುತ್ತದೆ. ಬೇರೆ ಕಡೆ ಮುಂಜಾನೆ ಅರ್ಧ ಗಂಟೆ ಸಿಗುವ ಬೆಳಕು ಇಲ್ಲಿ ಮಧ್ಯಾಹ್ನವೂ ಇರುತ್ತದೆ. ಅದಕ್ಕೇ ಚಳಿಗಾಲದಲ್ಲೇ ಬರಬೇಕು.

ಬ್ರೇದಾಮರ್ಕುರ್‌ಯೋಕುಲ್ ಎಂಬ ಹಿಮನದಿ ಹಿಂದೆ ಸರಿದಾಗ, 1930ರ ದಶಕದಲ್ಲಿ ಹುಟ್ಟಿದ್ದು ಈ ಸರೋವರ. ಆಳ 200 ಮೀಟರಿಗೂ ಜಾಸ್ತಿ. ಹಿಮನದಿಯಿಂದ ಮುರಿದು ಬಿದ್ದ ಮಂಜುಗಡ್ಡೆಯ ಬಂಡೆಗಳು ತೇಲುತ್ತಾ ಕರಗುತ್ತಾ, ಒಂದು ಪುಟ್ಟ ಹೊಳೆಯಲ್ಲಿ ಸೇತುವೆ ಕೆಳಗೆ ನುಸುಳಿ ಸಮುದ್ರ ಸೇರುತ್ತವೆ, ಆಮೇಲೆ ಅಲೆಗಳು ಅವನ್ನು ಎತ್ತಿ ಕಪ್ಪು ಮರಳಿನ ಮೇಲೆ ಹಾಕುತ್ತವೆ.

ಎಲ್ಲರೂ ದೊಡ್ಡ ಬಂಡೆಗಳ ಹಿಂದೆ ಬೀಳುತ್ತಾರೆ. ನನಗೆ ಹಿಡಿಸಿದ್ದು ತೆಂಗಿನಕಾಯಿ ಗಾತ್ರದ ಒಂದು ತುಂಡು. ಸೂರ್ಯನಿಗೆ ಬೆನ್ನು ಹಾಕಿ ನೋಡಿದರೆ ಅದು ಬರೀ ಮಂಕು ಗಾಜು. ಸುತ್ತಿ ಬಂದು, ಅದು ನನಗೂ ಸೂರ್ಯನಿಗೂ ನಡುವೆ ಇರುವ ಹಾಗೆ ಮರಳಿಗೆ ಅಂಟಿಕೊಂಡು ಮಲಗಿದೆ, ಒಳಗಿನದೆಲ್ಲಾ ಕಾಣಿಸಿತು! ಸಾಲಾಗಿ ನಿಂತ ಗಾಳಿಗುಳ್ಳೆಗಳು, ಓರೆಯಾಗಿ ಎಳೆದಂತೆ ಜ್ವಾಲಾಮುಖಿ ಬೂದಿಯ ಕಪ್ಪು ಗೆರೆ, ಒಂದು ಮೂಲೆಯಲ್ಲಿ ಮಾತ್ರ ತಿಳಿನೀಲಿ. ಶಟರ್ ಅರ್ಧ ಸೆಕೆಂಡಿಗೆ ಇಟ್ಟು, ಅಲೆ ಬರುವಾಗ ಅಲ್ಲ, ವಾಪಸ್ ಹೋಗುವಾಗ ಒತ್ತಬೇಕು. ಆಗ ನೀರು ತುಂಡನ್ನು ಬಳಸಿಕೊಂಡು ಬಿಳಿ ಎಳೆಗಳಾಗಿ ಇಳಿಯುತ್ತದೆ. ಟ್ರೈಪಾಡ್ ಕಾಲುಗಳನ್ನು ಮೊದಲೇ ಮರಳಲ್ಲಿ ಚೆನ್ನಾಗಿ ಊರಬೇಕು, ಲೆನ್ಸ್ ಮೇಲೆ ಕೂತ ಉಪ್ಪುನೀರನ್ನು ಆಗಾಗ ಒರೆಸಬೇಕು. ಇನ್ನೊಂದು ಬ್ಯಾಟರಿ ಒಳ ಜೇಬಿನಲ್ಲಿ, ಮೈಬಿಸಿಗೆ.

ದಟ್ಟವಾದ ಮಂಜುಗಡ್ಡೆ ಬೆಳಕಿನ ಕೆಂಪನ್ನು ಹೀರಿಕೊಳ್ಳುತ್ತದೆ, ನೀಲಿ ಉಳಿಯುತ್ತದೆ. ಗುಳ್ಳೆ ತುಂಬಿದ್ದು ಬೆಳ್ಳಗೆ ಕಾಣುತ್ತದೆ. ಇಷ್ಟು ಬಣ್ಣ ಅದರಲ್ಲೇ ಇರುವಾಗ ಆಮೇಲೆ ಕಂಪ್ಯೂಟರಿನಲ್ಲಿ ನೀಲಿ ಸುರಿಯುವುದು ಯಾಕೆ? ಬೂದು, ಕಪ್ಪು, ಹೊಗೆಬಣ್ಣದ ತುಂಡುಗಳೂ ಅಲ್ಲಿದ್ದವು, ಅವನ್ನೆಲ್ಲಾ ಒಂದೇ ನೀಲಿ ಮಾಡಿದರೆ ಆ ಜಾಗದ್ದೇನು ಉಳಿಯಿತು? ಕ್ಯಾಮೆರಾದ ವೈಟ್ ಬ್ಯಾಲೆನ್ಸ್ (ಬಣ್ಣ ಹೊಂದಿಸುವ ಸೆಟ್ಟಿಂಗ್) ಡೇಲೈಟ್‌ಗೆ, ಅಂದರೆ ಹಗಲು ಬೆಳಕಿಗೆ ಇಟ್ಟು ಸುಮ್ನೆ ಬಿಟ್ಟೆ.

ಮಧ್ಯಾಹ್ನ ಒಂದು ಕುಟುಂಬ ಮಕ್ಕಳನ್ನು ಬಂಡೆಯ ಮೇಲೆ ನಿಲ್ಲಿಸಿ ಸೆಲ್ಫಿ ತೆಗೆಯುತ್ತಿತ್ತು, ಎಲ್ಲರ ಬೆನ್ನೂ ಸಮುದ್ರಕ್ಕೆ. ನನ್ನ ಎದೆ ಹೊಡೆದುಕೊಂಡಿತು. ಇಲ್ಲಿ ನಾಲ್ಕು ಅಲೆ ಮೆಲ್ಲಗೆ ಬಂದು ಐದನೆಯದು ಏಕಾಏಕಿ ಮೇಲೆ ನುಗ್ಗಬಹುದು, ಅಷ್ಟು ದೊಡ್ಡ ಬಂಡೆಯನ್ನೂ ಹೊರಳಿಸಿಬಿಡಬಹುದು. ಹೋಗಿ ಹೇಳಿದೆವು, ತಕ್ಷಣ ಇಳಿಸಿದರು. ಅಲ್ಲಿಗೆ ಹೋಗುವವರು ದಯವಿಟ್ಟು ನೀರಿಗೆ ಬೆನ್ನು ಹಾಕಬೇಡಿ.

ನಾಳೆ ಮತ್ತೆ ಹೋಗಬೇಕು. ಭರತ ಮುಗಿದು ಇಳಿತ ಶುರುವಾಗುವ ಹೊತ್ತಿಗೆ ಅಲ್ಲಿದ್ದರೆ ಹೊಸ ತುಂಡುಗಳು ಸಿಗುತ್ತವೆ, ಇವತ್ತಿನವು ಒಂದೂ ಇರುವುದಿಲ್ಲ.